ನೀರಿನ ಕಡಿತದ ನಡುವೆ ಹೊಸ ಹುಲ್ಲುಹಾಸು: ಪುಣೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಕನ್ನಡ ಬಳಗದಲ್ಲಿ ನಾನು ತೋಟದ ಹುಚ್ಚಿನವಳೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಹಬ್ಬದ ಪಂಕ್ತಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಲಾನ್ ಬಗ್ಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟು ಉತ್ತರ ಬರೆದಿದ್ದೇನೆ. ಹೆಚ್ಚಿನವು ಪುಣೆ ಮತ್ತು ಪಿಂಪ್ರಿ-ಚಿಂಚವಾಡದವು, ಮುಂಬೈ-ಗೋವಾದ್ದು ಕೊನೆಯ ಭಾಗದಲ್ಲಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಊರಲ್ಲಿ ಹುಲ್ಲಿಗೆ ಬೇರು ಇಳಿಸಬೇಕಾದ್ದು ಮಳೆ. ನಲ್ಲಿಯ ನೀರು ತುರ್ತಿಗೆ ಮಾತ್ರ.

## ಶುರು ಮಾಡುವ ಮೊದಲು

ಅಕ್ಕಾರ, ಪುಣೆದಾಗ ಲಾನ್ ಹಚ್ಚಾಕ ಯಾವ ತಿಂಗಳು ಚಲೋ?

ಜೂನ್ ಕೊನೆಯ ವಾರದಿಂದ ಜುಲೈ ಮಧ್ಯದವರೆಗೆ. ಮುಂಗಾರು ಇಲ್ಲಿಗೆ ಸಾಮಾನ್ಯವಾಗಿ ಜೂನ್ ಎರಡನೇ ವಾರದ ಹೊತ್ತಿಗೆ ಬರುತ್ತದೆ. ಆದರೆ ಮೊದಲ ಒಂದೆರಡು ಮಳೆ ನೆಲದ ಕಾವು ಇಳಿಸುವುದಕ್ಕೇ ಸರಿಹೋಗುತ್ತದೆ. ಒಂದು ಗೇಣು ಆಳಕ್ಕೆ ತೇವ ಇಳಿದಿದೆಯಾ ಎಂದು ಕುರ್ಪಿಯಿಂದ ಅಗೆದು ನೋಡಿ, ಆಮೇಲೆ ನೆಡಿ. ಪುಣೆಯ ವರ್ಷದ ಮಳೆ ಸುಮಾರು 700 ಮಿಲಿಮೀಟರ್, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನಾಲ್ಕು ತಿಂಗಳಲ್ಲಿ ಬೇರು ಇಳಿಸಿಕೊಂಡ ಹುಲ್ಲು ಮುಂದಿನ ಬೇಸಿಗೆಯನ್ನು ಸ್ವಲ್ಪ ನೀರಿನಲ್ಲೇ ದಾಟುತ್ತದೆ.

ಮಳೆಗಾಲ ತಪ್ಪಿತೆಂದರೆ ಅಕ್ಟೋಬರ್ ಮೊದಲ ವಾರ ನೋಡಬಹುದು. ಡಿಸೆಂಬರ್ ಚಳಿಯಲ್ಲಿ ಗರಿಕೆ ಜಾತಿಯ ಹುಲ್ಲು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಯುಗಾದಿಗೆ ಗೃಹಪ್ರವೇಶ ಇದೆ ಎಂದು ಮಾರ್ಚ್‌ನಲ್ಲಿ ಲಾನ್ ಹಾಸಿಸುವವರು ಬಹಳ ಜನ. ದಯವಿಟ್ಟು ಬೇಡ. ಆ ದಿನಕ್ಕೆ ಅಂಗಳದಲ್ಲಿ ಒಂದು ದೊಡ್ಡ ರಂಗೋಲಿ ಹಾಕಿ, ಹುಲ್ಲು ಜೂನ್‌ನಲ್ಲಿ ಬರಲಿ.

ನೀರು ಕಡಿತ ಇದ್ದಾಗ ಲಾನ್‌ಗೆ ನೀರು ಬಿಟ್ಟರೆ ದಂಡ ಹಾಕ್ತಾರಾ? ನಿಯಮ ಏನು?

ನಿಯಮ ವರ್ಷದಿಂದ ವರ್ಷಕ್ಕೆ, ಅಣೆಕಟ್ಟಿನ ಮಟ್ಟ ನೋಡಿಕೊಂಡು ಬದಲಾಗುತ್ತದೆ. ಪುಣೆಗೆ ಖಡಕವಾಸ್ಲಾ, ಪಾನಶೇತ್, ವರಸಗಾಂವ್, ಟೇಮ್‌ಘರ್ ಅಣೆಕಟ್ಟುಗಳಿಂದ ನೀರು ಬರುತ್ತದೆ. ನಾಲ್ಕೂ ತುಂಬಿದರೆ ಸುಮಾರು 29 ಟಿಎಂಸಿ. ಇದೇ ನೀರು ಮುಠಾ ಕಾಲುವೆಯಲ್ಲಿ ದೌಂಡ್, ಇಂದಾಪುರದ ಹೊಲಗಳಿಗೂ ಹೋಗಬೇಕು. ಊರಿಗೆಷ್ಟು, ಹೊಲಕ್ಕೆಷ್ಟು ಎಂಬುದು ಕಾಲುವೆ ಸಮಿತಿಯ ಸಭೆಯಲ್ಲಿ ತೀರ್ಮಾನವಾಗುತ್ತದೆ. ನಾವು ಹುಲ್ಲಿಗೆ ಸುರಿಯುವ ಪ್ರತಿ ಬಕೆಟ್‌ಗೂ ಆ ರೈತರ ಪಾಲಿಗೂ ಸಂಬಂಧವಿದೆ ಎಂದು ನಾನು ನಂಬಿದ್ದೇನೆ.

ಮಳೆ ಕೈಕೊಟ್ಟ ವರ್ಷ ಏನಾಗುತ್ತದೆಂದು ಹಳಬರಿಗೆ ನೆನಪಿರಬಹುದು. 2015ರ ಸೆಪ್ಟೆಂಬರ್‌ನಿಂದ ಮುಂದಿನ ಮಳೆಗಾಲದವರೆಗೂ ಊರಿಗೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು. 2016ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟು, ಆ ತಿಂಗಳ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಒಯ್ಯುವಂತೆ ಆದೇಶಿಸಿತು. ಮೈದಾನಕ್ಕೆ ಸುರಿಯುವ ನೀರೇ ಅಲ್ಲಿನ ವಾದದ ವಿಷಯವಾಗಿತ್ತು. ಇಂಥ ವರ್ಷಗಳಲ್ಲಿ ತೋಟಕ್ಕೆ, ಗಾಡಿ ತೊಳೆಯಲು ಕುಡಿಯುವ ನೀರು ಬಳಸುವಂತಿಲ್ಲ ಎಂಬ ಆದೇಶ ಬರುವುದು ವಾಡಿಕೆ. ದಂಡದ ಮೊತ್ತವನ್ನು ಆ ಆದೇಶದಲ್ಲೇ ನೋಡಿಕೊಳ್ಳಬೇಕು. ಲಾನ್ ಹಾಕಿಸುವ ಮುನ್ನ ಪಾಲಿಕೆಯ ನಿಮ್ಮ ಕ್ಷೇತ್ರೀಯ ಕಚೇರಿಯ ನೀರು ವಿಭಾಗದಲ್ಲಿ ಒಂದು ಮಾತು ವಿಚಾರಿಸಿ.

ಎಷ್ಟು ನೀರು ಬೇಕಾಗ್ತದ ಅಂತ ಮೊದಲೇ ಲೆಕ್ಕ ಹಾಕೋದು ಹೆಂಗ?

ಲೆಕ್ಕ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಪುಣೆಯ ಏಪ್ರಿಲ್-ಮೇ ಬಿಸಿಲಲ್ಲಿ ಲಾನ್‌ಗೆ ದಿನಕ್ಕೆ ಸುಮಾರು 6 ಮಿಲಿಮೀಟರ್, ಚಳಿಗಾಲದಲ್ಲಿ ಸುಮಾರು 3 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ನಿಮ್ಮ ಲಾನ್ 500 ಚದರ ಅಡಿ ಇದ್ದರೆ ಅದು 46 ಚದರ ಮೀಟರ್ ಆಯಿತು. ಬೇಸಿಗೆಯಲ್ಲಿ ದಿನಕ್ಕೆ ಹತ್ತಿರ ಹತ್ತಿರ 280 ಲೀಟರ್ ಬೇಕು.

ಒಳಚರಂಡಿ ಇರುವ ನಗರಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ಅಂದರೆ ಒಂದು ಸಣ್ಣ ಲಾನ್ ಇಬ್ಬರ ಸ್ನಾನ, ಅಡುಗೆ, ಬಟ್ಟೆ, ಪಾತ್ರೆಯ ನೀರನ್ನು ಕುಡಿಯುತ್ತದೆ. ಮೇ ತಿಂಗಳೊಂದಕ್ಕೇ 8,000 ಲೀಟರ್ ದಾಟುತ್ತದೆ, ಒಂದು ದೊಡ್ಡ ಟ್ಯಾಂಕರ್ ಬಹುತೇಕ ಖಾಲಿಯಾದಂತೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದವರಲ್ಲಿ ಹಲವರು ಲಾನ್‌ನ ಅಳತೆಯನ್ನು ತಾವಾಗಿಯೇ ಅರ್ಧಕ್ಕೆ ಇಳಿಸುತ್ತಾರೆ. ಅದೇ ಸರಿಯಾದ ನಿರ್ಧಾರ.

ಪೈಪಿನಿಂದ ಎಷ್ಟು ನೀರು ಬೀಳುತ್ತದೆ ಎಂದು ತಿಳಿಯಲು 20 ಲೀಟರ್ ಬಕೆಟ್ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ 280 ಲೀಟರ್‌ಗೆ 14 ನಿಮಿಷ ಸಾಕು. ಸ್ಪ್ರಿಂಕ್ಲರ್ ಇದ್ದರೆ ನೇರ ಗೋಡೆಯ ಖಾಲಿ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು, ಕಾಲು ಗಂಟೆ ಬಿಟ್ಟು, ಸ್ಕೇಲಿನಿಂದ ಅಳೆಯಿರಿ. ಒಂದು ಡಬ್ಬಿಯಲ್ಲಿ 8 ಮಿಲಿಮೀಟರ್, ಇನ್ನೊಂದರಲ್ಲಿ 2 ಇದ್ದರೆ ನಿಮ್ಮ ಲಾನ್‌ನಲ್ಲಿ ಒಣ ತೇಪೆಗಳು ಏಕೆ ಬಂದವು ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಯಾವ ಹುಲ್ಲು ಕಮ್ಮಿ ನೀರು ಕುಡೀತದ? ನರ್ಸರಿಯವ್ರು ಮೆಕ್ಸಿಕನ್ನೇ ತಗೋರಿ ಅಂತಾರ.

ಬಿಸಿಲು ಚೆನ್ನಾಗಿ ಬೀಳುವ ಜಾಗಕ್ಕೆ ನನ್ನ ಮತ ನಮ್ಮ ಗರಿಕೆಯ ಜಾತಿಗೆ. ನರ್ಸರಿಗಳಲ್ಲಿ ಇದು ‘ಬರ್ಮುಡಾ’, ‘ಸೆಲೆಕ್ಷನ್ ನಂಬರ್ ಒನ್’ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಬೇರು ಆಳಕ್ಕೆ ಹೋಗುತ್ತದೆ, ಬೇಗ ಹಬ್ಬುತ್ತದೆ, ಒಣಗಿದಂತೆ ಕಂಡರೂ ಮಳೆಗೆ ಚಿಗುರುತ್ತದೆ. ಆಗಾಗ ಕತ್ತರಿಸಬೇಕು, ನೆರಳಲ್ಲಿ ಬಾರದು, ಇವೆರಡೇ ತಕರಾರು.

ಮೆಕ್ಸಿಕನ್, ಕೊರಿಯನ್ ಹುಲ್ಲು ನೋಡಲು ದಟ್ಟ, ಮೆತ್ತಗೆ. ಬೇರೂರಿದ ಮೇಲೆ ಬರವನ್ನೂ ಸಾಕಷ್ಟು ತಡೆಯುತ್ತದೆ. ಆದರೆ ಹಬ್ಬುವುದು ನಿಧಾನ. ನೀರು ಕಡಿತದ ಊರಲ್ಲಿ ನಿಧಾನ ಎಂದರೆ ಹೆಚ್ಚು ವಾರ ನೀರು ಕೊಡಬೇಕು ಎಂದರ್ಥ. ಅಗಲ ಎಲೆಯ ಹುಲ್ಲು ಅರೆನೆರಳಿಗೆ ಒಗ್ಗುತ್ತದೆ, ನೀರು ಮಾತ್ರ ಬಹಳ ಕೇಳುತ್ತದೆ. ಹೆಸರು ನರ್ಸರಿಯಿಂದ ನರ್ಸರಿಗೆ ಬದಲಾಗುವುದರಿಂದ, ಉರುಳಿಕಾಂಚನ್ ಕಡೆಯ ನರ್ಸರಿಗಳಿಗೆ ಹೋದಾಗ ಒಂದು ತುಂಡು ಎತ್ತಿ ಬೇರು, ಬಳ್ಳಿ ನೋಡಿಯೇ ಕೊಳ್ಳಿ.

ನಮ್ಮ ಪ್ಲಾಟಿನಾಗ ಎರಿ ಮಣ್ಣು ಅದ. ಬಿಲ್ಡರ್ ಮ್ಯಾಲೆ ಗರಸು ಸುರದಾನ. ಹಂಗೇ ಹುಲ್ಲು ಹಚ್ಚಬಹುದಾ?

ಹಚ್ಚಬೇಡಿ. ನೀರು ಉಳಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಮಣ್ಣಿನಲ್ಲೇ ಇದೆ, ಜನ ಅತಿ ಕಡಿಮೆ ಖರ್ಚು ಮಾಡುವುದೂ ಅಲ್ಲೇ. ಎರೆ ಮಣ್ಣು ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ನೀರು ನಿಲ್ಲಿಸುತ್ತದೆ. ಗರಸಿನಲ್ಲಿ ನೀರು ನಿಲ್ಲುವುದೇ ಇಲ್ಲ, ನೇರ ಕೆಳಗೆ.

ಮೇ ತಿಂಗಳಲ್ಲಿ ಒಂದಡಿ ಆಳ ಅಗೆಸಿ, ಸಿಮೆಂಟ್ ಚೂರು, ಟೈಲ್ಸ್ ತುಂಡು, ಕಲ್ಲು ಎಲ್ಲ ತೆಗೆಸಿ. ಬಿಲ್ಡರ್ ಬಿಟ್ಟುಹೋದ ಕಸ ನೆಲದೊಳಗೆ ಎಷ್ಟಿರುತ್ತದೆ ಎಂದು ಅಗೆದಾಗಲೇ ತಿಳಿಯುವುದು. ಅಗೆದ ನೆಲವನ್ನು ಎರಡು ವಾರ ಬಿಸಿಲಿಗೆ ಬಿಡಿ. ಆಮೇಲೆ ಕೆಮ್ಮಣ್ಣು ಅಥವಾ ಮೆಕ್ಕಲು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು ಬೆರೆಸಿ ಆರು ಇಂಚಿನ ಪದರ ಹರಡಿಸಿ. ಹಸಿ ಸಗಣಿ ಗೊಬ್ಬರ ಹಾಕಿದರೆ ಗೊಣ್ಣೆ ಹುಳು ಜೊತೆಗೇ ಬರುತ್ತದೆ. ನೆಲ ಗೋಡೆಯಿಂದ ಹೊರಕ್ಕೆ ಸ್ವಲ್ಪ ಇಳಿಜಾರಿರಲಿ, 10 ಅಡಿಗೆ ಎರಡು ಇಂಚು ಸಾಕು.

ಜೇಕಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಪುಣೆಯ ಮಾಳಿಗಳು, ಅಂದರೆ ತೋಟದ ಕೆಲಸದವರು, ಲವ್ಹಾಳಾ ಎನ್ನುವ ಕಳೆ ಇದೇ. ಮೇಲಿಂದ ಎಳೆದರೆ ಹಸಿರು ಎಲೆಯಷ್ಟೇ ಕೈಗೆ ಬರುತ್ತದೆ. ಕಡಲೆಕಾಳಿನ ಗಾತ್ರದ ಕಪ್ಪು ಗಡ್ಡೆ ಕೆಳಗೇ ಉಳಿದು, ದಾರದಂಥ ಬೇರಿನಿಂದ ಪಕ್ಕದ ಗಡ್ಡೆಗೆ, ಅದರಿಂದ ಇನ್ನೊಂದಕ್ಕೆ ಸೇರಿಕೊಂಡಿರುತ್ತದೆ. ದಾರ ಹರಿದರೆ ಪ್ರತಿ ಗಡ್ಡೆಯೂ ಬೇರೆ ಬೇರೆಯಾಗಿ ಮೊಳೆಯುತ್ತದೆ. ಅದಕ್ಕೇ ನೆಡುವ ಮುಂಚೆ, ಮೊದಲ ಮಳೆಗೆ ಜೇಕು ಮೊಳೆಯಲು ಬಿಟ್ಟು, ಕುರ್ಪಿ ಆಳಕ್ಕೆ ಹಾಕಿ ಗಡ್ಡೆ ಸಮೇತ ಎಬ್ಬಿಸಿ. ಸಾಧ್ಯವಾದರೆ ಎರಡು ಸಲ. ಹುಲ್ಲು ಹಾಸಿದ ಮೇಲೆ ಈ ಕೆಲಸ ಮಾಡಲಾಗುವುದಿಲ್ಲ.

## ನೆಟ್ಟ ಮೊದಲ ವಾರಗಳು

ಕಾರ್ಪೆಟ್ ಲಾನ್ ಹಾಸಿದ ಮೇಲೆ ದಿನಕ್ಕೆ ಎಷ್ಟು ಸಲ ನೀರು ಕೊಡಬೇಕು?

ಕಾರ್ಪೆಟ್ ಲಾನ್ ಎಂದರೆ ಬೇರು, ಮಣ್ಣಿನ ಸಮೇತ ಹಾಳೆಯಂತೆ ಬರುವ ಸಿದ್ಧ ಹುಲ್ಲು. ಹಾಸುವ ಮೊದಲೇ ಕೆಳಗಿನ ಮಣ್ಣು ತೇವವಿರಬೇಕು. ಹಾಸಿದ ಅರ್ಧ ಗಂಟೆಯೊಳಗೆ ಒಮ್ಮೆ ಚೆನ್ನಾಗಿ ನೆನೆಸಿ, ಚದರ ಮೀಟರ್‌ಗೆ 15ರಿಂದ 20 ಲೀಟರ್. ಮೊದಲ 10 ದಿನ ಮಳೆ ಇಲ್ಲದಿದ್ದರೆ ಬೆಳಗ್ಗೆ ಒಮ್ಮೆ, ಬಿಸಿಲು ಜೋರಿದ್ದರೆ ಮಧ್ಯಾಹ್ನ ತುಸು ಚಿಮುಕಿಸಿ.

ಹತ್ತನೇ ದಿನ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿ. ಸಲೀಸಾಗಿ ಎದ್ದು ಬಂದರೆ ಬೇರು ಇನ್ನೂ ಇಳಿದಿಲ್ಲ. ತಳದಲ್ಲಿ ಬಿಳಿ ಎಳೆಗಳು ಕಂಡು, ಎತ್ತುವಾಗ ಕೆಳಗಿನ ಮಣ್ಣು ಅವಕ್ಕೆ ಅಂಟಿಕೊಂಡು ಬಂದರೆ ಬೇರು ಹಿಡಿಯುತ್ತಿದೆ. ಎತ್ತಲು ಹೋದಾಗ ನೆಲವೇ ಹಿಡಿದೆಳೆದಂತಾದರೆ ನೀರು ಕಡಿಮೆ ಮಾಡುವ ಸಮಯ ಬಂತು. ಮೂರನೇ ವಾರ ದಿನ ಬಿಟ್ಟು ದಿನ, ಐದನೇ ವಾರದಿಂದ ಮೂರು ದಿನಕ್ಕೊಮ್ಮೆ. ಪ್ರತಿ ಸಲ ಕೊಡುವ ಪ್ರಮಾಣ ಮಾತ್ರ ಹೆಚ್ಚಿರಲಿ. ದಿನಾ ಮೇಲ್ಮೇಲೆ ಚಿಮುಕಿಸಿ ಬೆಳೆಸಿದ ಹುಲ್ಲಿನ ಬೇರು ಎರಡು ಇಂಚಿನಲ್ಲೇ ತಿರುಗಾಡುತ್ತದೆ, ಎರಡು ದಿನ ನೀರು ತಪ್ಪಿದರೆ ಸೊರಗುತ್ತದೆ.

ಬಳ್ಳಿ ತುಂಡುಗಳನ್ನು ನಾಲ್ಕೈದು ಇಂಚು ಅಂತರದಲ್ಲಿ ಊರಿಸಿದ್ದರೆ ನೆಲ ಮುಚ್ಚಲು ಎರಡು ತಿಂಗಳಾದರೂ ಬೇಕು. ಮಳೆಗಾಲದಲ್ಲಿ ನೆಡುವವರಿಗೆ ನಾನು ಈ ವಿಧಾನವನ್ನೇ ಹೇಳುವುದು. ಖರ್ಚು ಕಡಿಮೆ, ಬೇರು ಮೊದಲಿಂದಲೂ ನಿಮ್ಮದೇ ಮಣ್ಣಿನಲ್ಲಿ ಬೆಳೆಯುತ್ತದೆ.

ನಾವು ಚಿಂಚವಾಡದವ್ರು. ದಿನಾ ಬಿಟ್ಟು ದಿನಾ ನೀರು. ಹೊಸಾ ಲಾನ್ ಉಳೀತದೇನ್ರಿ?

ಉಳಿಯುತ್ತದೆ, ಯೋಜನೆ ಬೇಕು. ಪವನಾ ಅಣೆಕಟ್ಟಿನ ನೀರು ಪಿಂಪ್ರಿ-ಚಿಂಚವಾಡಕ್ಕೆ 2019ರ ನವೆಂಬರ್‌ನಿಂದ ಹೀಗೇ ಒಂದು ದಿನ ಬಿಟ್ಟು ಬರುತ್ತಿರುವಾಗ, ಅಲ್ಲಿನವರಿಗೆ ನಾನು ಹೇಳುವುದು ಇಷ್ಟು: ಇಡೀ ಲಾನ್ ಒಂದೇ ದಿನ ಹಾಸಬೇಡಿ. ಮೂರು ಪಟ್ಟಿ ಮಾಡಿ, ಮೊದಲನೆಯದು ಬೇರು ಹಿಡಿದ ಮೇಲೆ ಎರಡನೆಯದು. ಹಾಗೆ ಮಾಡಿದರೆ ಯಾವ ವಾರವೂ ಒಂದು ಪಟ್ಟಿಗಿಂತ ಹೆಚ್ಚಿಗೆ ದಿನವಹಿ ನೀರು ಬೇಕಾಗುವುದಿಲ್ಲ. ಹೊಸ ಪಟ್ಟಿಯ ಮೇಲೆ ಮೊದಲ ವಾರ ಕೋಲು ನೆಟ್ಟು ಹಸಿರು ನೆರಳು ಬಲೆ ಕಟ್ಟಿದರೆ ಆವಿಯಾಗುವ ನೀರು ಕಡಿಮೆಯಾಗುತ್ತದೆ. ವಾರದ ನಂತರ ಮರೆಯದೆ ತೆಗೆಯಿರಿ.

ನಮ್ಮಲ್ಲಿ ನೀರು ಬರುವುದೇ ಮಧ್ಯಾಹ್ನ. ಆಗಲೇ ಲಾನ್‌ಗೆ ಬಿಡಬಹುದಾ?

ಡ್ರಮ್ಮಿನಲ್ಲಿ ಹಿಡಿದಿಟ್ಟು ಮರುದಿನ ಬೆಳಗ್ಗೆ ಎಂಟರೊಳಗೆ ಕೊಡಿ. ಡ್ರಮ್ಮಿಗೆ ಮುಚ್ಚಳ ಬೇಕೇ ಬೇಕು, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಲ್ಲೇ.

ಮಳೆ ಶುರುವಾಯ್ತು ಅಂತ ನೀರು ನಿಲ್ಲಿಸಿದ್ವಿ. ಜುಲೈ ಮೊದಲ ವಾರಕ್ಕೇ ಅಂಚೆಲ್ಲ ಕೆಂಪಾಯ್ತು, ಯಾಕೆ?

ಮೋಡ ಕವಿದಿದ್ದರೂ ಮಳೆ ಬಿದ್ದಿಲ್ಲ. ಸಹ್ಯಾದ್ರಿಯ ಆಚೆ ಸುರಿದು ಪುಣೆಗೆ ಬರೀ ಗಾಳಿ, ತುಂತುರು ಉಳಿಯುವ ವಾರಗಳು ಜೂನ್-ಜುಲೈನಲ್ಲೂ ಇರುತ್ತವೆ. ಆ ತುಂತುರು ಎಲೆ ತೋಯಿಸುತ್ತದೆ, ಬೇರಿಗೆ ತಲುಪುವುದಿಲ್ಲ. ನೇರ ಗೋಡೆಯ ಒಂದು ಡಬ್ಬಿ ಅಂಗಳದಲ್ಲಿಡಿ. ಎರಡು ದಿನದಲ್ಲಿ 8 ಮಿಲಿಮೀಟರ್‌ಗಿಂತ ಕಡಿಮೆ ಬಿದ್ದಿದ್ದರೆ ಹೊಸ ಹುಲ್ಲಿಗೆ ನೀವೇ ಕೊಡಬೇಕು. ಅಂಚು ಮೊದಲು ಒಣಗುವುದು ಪಕ್ಕದ ಕಾಂಕ್ರೀಟಿನ ಕಾವಿಗೆ, ಅಲ್ಲಿಗೆ ಕ್ಯಾನಿನಿಂದ ಕೊಟ್ಟರೂ ಸಾಕು.

ಮೊದಲ ಸಲ ಕತ್ತರಿಸೋದು, ಗೊಬ್ಬರ ಹಾಕೋದು ಯಾವಾಗ?

ಗರಿಕೆ ಮೂರು ಇಂಚು ಬೆಳೆದಾಗ, ನೆಲ ಒಣಗಿರುವಾಗ, ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ. ಮಷೀನಿನ ಬ್ಲೇಡು ಹರಿತವಿರಲಿ. ಯೂರಿಯಾ ಕೊಡುವುದಾದರೆ ನೆಟ್ಟು ಆರು ವಾರವಾದ ಮೇಲೆ, ಚದರ ಮೀಟರ್‌ಗೆ 10 ಗ್ರಾಂ, ಕೊಟ್ಟ ಕೂಡಲೇ ನೀರು. ಫೆಬ್ರವರಿಯಿಂದ ಮಳೆ ಬರುವವರೆಗೆ ಯೂರಿಯಾ ಮುಟ್ಟಬೇಡಿ. ಅದು ಎಲೆ ಬೆಳೆಸುತ್ತದೆ, ಬೆಳೆದ ಎಲೆ ನೀರು ಕೇಳುತ್ತದೆ.

## ಕುಡಿಯುವ ನೀರು ಬಿಟ್ಟು ಬೇರೆ ನೀರು

ಸೊಸೈಟಿಯ ಎಸ್‌ಟಿಪಿ ನೀರು ಲಾನ್‌ಗೆ ಬಿಡಬಹುದಾ? ಮಕ್ಕಳು ಆಡ್ತಾರೆ, ಭಯ ಆಗ್ತದೆ.

ಬಿಡಬಹುದು, ಬಿಡಲೇಬೇಕು ಎಂಬುದು ನನ್ನ ಹಟ. ಆದರೆ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ, ನಿಜವಾಗಿ ಕೆಲಸ ಮಾಡುತ್ತಿರಬೇಕು. ಗಾಜಿನ ಲೋಟದಲ್ಲಿ ಹಿಡಿದರೆ ನೀರು ತಿಳಿಯಾಗಿರಬೇಕು, ಕೊಳೆತ ವಾಸನೆ ಬರಬಾರದು. ಮರಳಿನ ಮತ್ತು ಇದ್ದಿಲಿನ ಫಿಲ್ಟರ್ ದಾಟಿ, ಕ್ಲೋರಿನ್ ಅಥವಾ ಯುವಿ ಹಂತ ಮುಗಿಸಿದ ನೀರು ಮಾತ್ರ ಲಾನ್‌ಗೆ. ಪ್ರಯೋಗಾಲಯದ ವರದಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುವಂತೆ ಕಮಿಟಿಯವರನ್ನು ಕೇಳಿ, ಅದು ಎಲ್ಲರ ಹಕ್ಕು. ಗಾಳಿಗೆ ಹನಿ ಹಾರುವ ಸ್ಪ್ರಿಂಕ್ಲರ್ ಬದಲು ಪೈಪನ್ನು ನೆಲಕ್ಕೆ ಹಿಡಿದು ನಸುಕಿನಲ್ಲೇ ಬಿಡಿಸಿ, ಹುಲ್ಲು ಪೂರ್ತಿ ಒಣಗಿದ ಮೇಲೆ ಮಕ್ಕಳು ಆಡಲಿ. ಪೈಪಿನ ಬಣ್ಣ ಬೇರೆ ಇರಲಿ, ನಲ್ಲಿಯ ಮೇಲೆ ‘ಕುಡಿಯುವ ನೀರಲ್ಲ’ ಎಂದು ಕನ್ನಡ ಬರದವರಿಗೂ ತಿಳಿಯುವಂತೆ ಮರಾಠಿ, ಹಿಂದಿಯಲ್ಲಿ ಬರೆಸಿ. ನೀರು ಬಿಡುವ ಮಾಳಿಗಳಿಗೆ ಕೈಗವಸು, ಗಮ್‌ಬೂಟು ಕೊಡಿಸುವುದು ಸೊಸೈಟಿಯ ಜವಾಬ್ದಾರಿ. ಅವರ ಚರ್ಮವೂ ಚರ್ಮವೇ.

ಆರ್‌ಓ ಬಿಟ್ಟ ನೀರು, ವಾಷಿಂಗ್ ಮಷೀನ್ ನೀರು, ಎಸಿ ನೀರು ನಡೀತದಾ?

ಎಸಿಯದು ನಡೆಯುತ್ತದೆ, ಉಪ್ಪಿನಂಶವೇ ಇಲ್ಲದ ನೀರು. ಆರ್‌ಓ ಬಿಟ್ಟ ನೀರನ್ನು ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರ್‌ನಲ್ಲಿ ಅಳೆದು ನೋಡಿ, ಮನೆಗೆ ಬರುವುದು ಅಣೆಕಟ್ಟಿನ ಮೆದು ನೀರಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ವಾಷಿಂಗ್ ಮಷೀನಿನ ಸೋಪಿನ ನೀರಲ್ಲಿ ಸೋಡಿಯಂ ಹೆಚ್ಚು, ಹೊಸ ಬೇರಿಗೆ ಅದು ಬೇಡ. ಕೊನೆಯ ಜಾಲಿಸಿದ ನೀರನ್ನು ಬೇರೂರಿದ ಲಾನ್‌ಗೆ ಆಗೊಮ್ಮೆ ಈಗೊಮ್ಮೆ ಹಾಕಬಹುದು.

ಬೋರ್‌ವೆಲ್ ನೀರಿನಿಂದ ಮಣ್ಣ ಮೇಲೆ ಬಿಳಿ ಪೊರೆ ಬಂದಿದೆ. ಏನು ಮಾಡಲಿ?

ಅದು ಉಪ್ಪು. ಟಿಡಿಎಸ್ ಲೀಟರ್‌ಗೆ 450 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, 450ರಿಂದ 2,000ದವರೆಗೆ ಎಚ್ಚರ ಬೇಕು, ಅದರ ಮೇಲೆ ಲಾನ್‌ಗೆ ಬಳಸಬಾರದು. ನಡುವಿನ ಮಟ್ಟದ ನೀರಾದರೆ ದಿನಾ ಸ್ವಲ್ಪ ಸ್ವಲ್ಪ ಕೊಡಬೇಡಿ, ಉಪ್ಪು ಮೇಲೆಯೇ ಕೂರುತ್ತದೆ. ಕಡಿಮೆ ಸಲ, ಹೆಚ್ಚು ನೀರು ಕೊಟ್ಟು ಬೇರಿನ ಕೆಳಗೆ ಇಳಿಸಿ. ನೀರು ಇಂಗಲು ದಾರಿಯಿದ್ದರೆ ಜುಲೈ ಮಳೆ ಉಳಿದದ್ದನ್ನು ತೊಳೆದುಕೊಂಡು ಹೋಗುತ್ತದೆ. ಟ್ಯಾಂಕರ್ ನೀರೂ ಬಹಳ ಸಲ ಬೋರ್‌ವೆಲ್ಲಿನದ್ದೇ, ಅದನ್ನೂ ಅಳೆದೇ ಇಳಿಸಿಕೊಳ್ಳಿ.

## ಬೇರೂರಿದ ಮೇಲೆ, ಮತ್ತು ಕಷ್ಟದ ಜಾಗಗಳು

ಏಪ್ರಿಲ್‌ನಾಗ ತ್ವಾಟಕ್ಕ ನೀರು ಪೂರ್ತಿ ಬಂದ್ ಮಾಡಿದ್ರ ಲಾನ್ ಸಾಯ್ತದೇನು?

ಹಿಂದಿನ ಮಳೆಗಾಲದಲ್ಲಿ ಬೇರೂರಿದ ಗರಿಕೆ ಸಾಯುವುದಿಲ್ಲ. ಎಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ನೆಲದೊಳಗಿನ ಕಾಂಡ ಜೀವ ಹಿಡಿದಿರುತ್ತದೆ. ಮೂರು ವಾರಕ್ಕೊಮ್ಮೆ 12 ಮಿಲಿಮೀಟರ್ ಕೊಟ್ಟರೆ ಸಾಕು. 500 ಚದರ ಅಡಿಗೆ ಅದು ಸುಮಾರು 550 ಲೀಟರ್, ಎಸ್‌ಟಿಪಿ ನೀರಲ್ಲೇ ಆಗಿಹೋಗುತ್ತದೆ. ಆ ಅವಧಿಯಲ್ಲಿ ಹುಲ್ಲಿನ ಮೇಲೆ ಓಡಾಟ, ಕ್ರಿಕೆಟ್, ಕತ್ತರಿಸುವುದು ಎಲ್ಲ ನಿಲ್ಲಿಸಿ. ನೆಟ್ಟು ಎರಡು ತಿಂಗಳೂ ಆಗದ ಹುಲ್ಲಿಗೆ ಈ ಶಕ್ತಿ ಇಲ್ಲ. ಮಾರ್ಚ್‌ನಲ್ಲಿ ಹಾಸಬೇಡಿ ಎನ್ನುವುದು ಇದಕ್ಕೇ.

ನೀರು ಬೇಕೋ ಬೇಡವೋ ಎಂದು ಹುಲ್ಲೇ ಹೇಳುತ್ತದೆ. ಸಂಜೆ ಅದರ ಮೇಲೆ ನಡೆದು ಹಿಂತಿರುಗಿ ನೋಡಿ. ಹೆಜ್ಜೆಯ ಗುರುತು ಕೂಡಲೇ ಮಾಯವಾದರೆ ಇನ್ನೆರಡು ದಿನ ತಡೆಯುತ್ತದೆ. ಗುರುತು ಹಾಗೇ ಉಳಿದು, ಹಸಿರಿಗೆ ಬೂದುನೀಲಿ ಛಾಯೆ ಬಂದಿದ್ದರೆ ಮರುದಿನ ಬೆಳಗ್ಗೆ ಕೊಡಿ.

ನಮ್ಮ ತೋಟ ಪಾರ್ಕಿಂಗ್ ಸ್ಲ್ಯಾಬಿನ ಮೇಲಿದೆ. ಎಷ್ಟು ನೀರು ಹಾಕಿದರೂ ಸಾಲದು.

ಸ್ಲ್ಯಾಬಿನ ಮೇಲೆ ಮಣ್ಣು ಇರುವುದೇ ಒಂದು, ಒಂದೂವರೆ ಅಡಿ. ಬೇರಿಗೆ ಕೆಳಗೆ ಹೋಗಲು ಜಾಗವಿಲ್ಲ, ಕಾಂಕ್ರೀಟು ಕೆಳಗಿನಿಂದಲೂ ಕಾಯುತ್ತದೆ. ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಗೊಬ್ಬರ ಬೆರೆಸಿದರೆ ತೇವ ಸ್ವಲ್ಪ ಹೆಚ್ಚು ಕಾಲ ನಿಲ್ಲುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರ ಪೂಸಾ ಹೈಡ್ರೋಜೆಲ್, ಮಣ್ಣಿನಲ್ಲಿ ನೀರು ಹೀರಿ ಹಿಡಿದಿಡುವ ವಸ್ತು, ಕೂಡ ಸಿಗುತ್ತದೆ. ನೀರಿನ ಎರಡು ಸರದಿಯ ನಡುವಿನ ಅಂತರ ಅದರಿಂದ ತುಸು ಹೆಚ್ಚುತ್ತದೆ ಅಷ್ಟೆ. ಕೆಳಗಿನ ಕಾರುಗಳ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೆ ನೀರು ನಿಲ್ಲಿಸಿ, ಮೊದಲು ಜಲನಿರೋಧಕ ಪದರ ನೋಡಿಸಿ. ಇಂಥ ಕಡೆ ನಾನು ಲಾನ್ ಬೇಡವೆನ್ನುತ್ತೇನೆ, ಕುಂಡಗಳೇ ಲೇಸು.

ನಾವು ಮುಂಬೈಯಲ್ಲಿರುವುದು, ತಂಗಿ ಗೋವಾದಲ್ಲಿ. ನಮಗೂ ಜೂನ್ ತಿಂಗಳೇ ಆಗ್ತದಾ ಮಾರಾಯ್ರೆ?

ಇಲ್ಲ, ನಿಮಗೆ ಸೆಪ್ಟೆಂಬರ್ ಕೊನೆ ಒಳ್ಳೆಯದು. ಮುಂಬೈಯಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಗೋವಾದಲ್ಲಿ ಅದಕ್ಕಿಂತ ಜಾಸ್ತಿ. ಜುಲೈ ಮಳೆಗೆ ಊರಿಸಿದ ಬಳ್ಳಿ ಮಣ್ಣಿನ ಸಮೇತ ಕೊಚ್ಚಿಹೋಗುತ್ತದೆ. ಮಳೆ ಇಳಿಮುಖವಾದಾಗ ನೆಟ್ಟರೆ ನೆಲದ ತೇವ ಸಿಗುತ್ತದೆ, ಕೆರೆಗಳೂ ತುಂಬಿರುತ್ತವೆ. ಮುಂಬೈಗೆ ನೀರು ಕೊಡುವ ಏಳು ಕೆರೆಗಳು ಮೇ ಕೊನೆಗೆ ಹೇಗಿರುತ್ತವೆಂದು ನಿಮಗೇ ಗೊತ್ತುಂಟು. 2024ರ ಜೂನ್‌ನಲ್ಲಿ ಪಾಲಿಕೆ ಶೇಕಡಾ 10 ಕಡಿತ ಮಾಡಿದ್ದು ಅದಕ್ಕೇ. ಗೋವಾದ ಮುರಕಲ್ಲಿನ ನೆಲಕ್ಕೆ ಮೇಲುಮಣ್ಣು ಎಂಟು ಇಂಚಾದರೂ ಬೇಕು. ಸಮುದ್ರದ ಉಪ್ಪುಗಾಳಿ ತಾಗುವ ಜಾಗವಾದರೆ ಪಾಸ್ಪಾಲಮ್ ಹುಲ್ಲು ಕೇಳಿ, ಉಪ್ಪನ್ನು ತಡೆಯುವುದರಲ್ಲಿ ಅದೇ ಮುಂದು.

ಮೀಟಿಂಗಿನಲ್ಲಿ ಅರ್ಧ ಜನ ಇಡೀ ಅಂಗಳಕ್ಕೆ ಲಾನ್ ಅಂತಾರೆ, ಇನ್ನರ್ಧ ಪ್ಲಾಸ್ಟಿಕ್ ಹುಲ್ಲು ಹಾಕೋಣ ಅಂತಾರೆ. ನೀವೇನು ಹೇಳ್ತೀರಿ?

ಎರಡೂ ಬೇಡ. ಪ್ಲಾಸ್ಟಿಕ್ ಹುಲ್ಲು ಬೇಸಿಗೆಯ ನೇರ ಬಿಸಿಲಲ್ಲಿ 60 ಡಿಗ್ರಿ ದಾಟಿ ಕಾಯಬಲ್ಲದು, ಬರಿಗಾಲ ಮಕ್ಕಳು ಕಾಲಿಡಲಾಗದು. ತಣಿಸಲು, ತೊಳೆಯಲು ಅದಕ್ಕೂ ನೀರು ಬೇಕು. ಮಕ್ಕಳು ಆಡುವ, ಹಿರಿಯರು ಸಂಜೆ ಕೂರುವ ಜಾಗವೆಷ್ಟೆಂದು ಹಗ್ಗ ಹಿಡಿದು ಗುರುತು ಮಾಡಿ, ಅಷ್ಟಕ್ಕೆ ಮಾತ್ರ ಗರಿಕೆ ನೆಡಿ. ಓಡಾಡುವ ದಾರಿಗೆ ಗರಸು ಅಥವಾ ಕಲ್ಲುಹಾಸು. ಮರದಡಿ ಹುಲ್ಲು ಬಾರದು, ಅಲ್ಲಿ ಉದುರಿದ ಎಲೆಯನ್ನೇ ಮುಚ್ಚಿಗೆಯಾಗಿ ಬಿಡಿ. ಮೀಟಿಂಗಿಗೆ ಹೋಗುವಾಗ 135 ಲೀಟರಿನ ಲೆಕ್ಕವನ್ನು ನಿಮ್ಮ ಅಂಗಳದ ಅಳತೆಗೆ ಹಾಕಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಮರಾಠಿಯಲ್ಲೂ.